ಬೈಯುವಷ್ಟು ಉಸಿರು

ನಮ್ಮೂರಿನಲ್ಲಿ ಗಂಡಸಿನ ಮರ್ಯಾದೆಯನ್ನು ಕಿವಿಯಿಂದ ಅಳೆಯುತ್ತಾರೆ. ಬೀದಿಯಲ್ಲಿ ಹೋಗುವಾಗ ಎದೆಬಡಿತ ಯಾರಿಗೂ ಕೇಳಿಸದಿದ್ದರೆ ಅವನು ದೊಡ್ಡ ಮನುಷ್ಯ. ಕೇಳಿಸಿದರೆ ಹಮಾಲಿ, ಇಲ್ಲವೇ ಕಳ್ಳ, ಇಲ್ಲವೇ ಹೊಸದಾಗಿ ಮದುವೆ ನಿಶ್ಚಯವಾದವನು. ಬೇರೆ ಊರುಗಳಲ್ಲಿ ಗುಂಡಿಗೆಯ ಸದ್ದು ಪಕ್ಕೆಲುಬಿನ ಒಳಗೇ ಇರುತ್ತದಂತೆ. ನಮ್ಮಲ್ಲಿ ಹಾಗಲ್ಲ. ಸುಮ್ಮನೆ ಕೂತಿದ್ದರೆ, ಇಲ್ಲವೇ ಮೆಲ್ಲಗೆ ಓಡಾಡಿಕೊಂಡಿದ್ದರೆ ಏನೂ ಕೇಳಿಸುವುದಿಲ್ಲ. ಕಾಲು ಸ್ವಲ್ಪ ಚುರುಕಾಯಿತೋ, ಪಕ್ಕದ ಮನೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ ಧಪ್ ಧಪ್ ಎನ್ನುತ್ತದೆ. ಓಡಿದರಂತೂ ಬೀದಿಗೆ ಬೀದಿಯೇ ಬಾಗಿಲು ತೆರೆದು, ಯಾರಪ್ಪಾ ಅದು ಎಂದು ಇಣುಕುತ್ತದೆ.

ಇಂಥ ಊರಲ್ಲಿ ಬದುಕುವುದು ಕಷ್ಟವೇನಲ್ಲ, ಅಭ್ಯಾಸವಾಗಬೇಕು ಅಷ್ಟೆ. ಮೆಟ್ಟಿಲು ಕಟ್ಟುವ ಮೇಸ್ತ್ರಿ ನಾಲ್ಕು ಮೆಟ್ಟಿಲಿಗೊಂದು ಕೂರುವ ಕಲ್ಲು ಇಡದಿದ್ದರೆ ಅವನಿಗೆ ಮುಂದೆ ಕೆಲಸ ಸಿಗುವುದಿಲ್ಲ. ಮರ್ಯಾದಸ್ಥರು ಬಸ್ಸಿಗಾಗಿ ಓಡುವುದಿಲ್ಲ, ಬಸ್ಸೇ ಅವರಿಗಾಗಿ ಕಾಯುತ್ತದೆ. ಹಾಗಾಗಿ ನಮ್ಮೂರ ಬಸ್ಸು ಯಾವ ಊರನ್ನೂ ಹೊತ್ತಿಗೆ ಸರಿಯಾಗಿ ಮುಟ್ಟಿದ್ದಿಲ್ಲ. ಮಳೆ ಬಂದರೆ ಕೂಲಿಯವರು ಓಡಿ ಜಗಲಿ ಸೇರುತ್ತಾರೆ, ದೊಡ್ಡವರು ಗಂಭೀರವಾಗಿ ನೆನೆಯುತ್ತಾರೆ. ಹುಡುಗರು ಮೀಸೆ ಚಿಗುರುವವರೆಗೆ ಹೇಗೆ ಬೇಕಾದರೂ ಕುಣಿಯಬಹುದು. ಮೀಸೆ ಬಂದ ಮೇಲೆ ಚೆಂಡು ಕಾಲ ಬಳಿಗೇ ಉರುಳಿ ಬಂದರೂ ಅದು ದಾಟಿ ಹೋಗುವುದನ್ನು ನೋಡುತ್ತಾ ನಿಲ್ಲಬೇಕು.

ಇನ್ನು ನಾವು ಹೆಂಗಸರು. ನೀರು ಸೇದಿ, ಹಿಟ್ಟು ರುಬ್ಬಿ, ದಿನಕ್ಕೆ ಹತ್ತು ಸಲ ಅಟ್ಟ ಹತ್ತಿ ಇಳಿಯುವವರ ಎದೆ ಸುಮ್ಮನಿರುತ್ತದೆಯೇ? ಆದರೆ ಮನೆಯ ಹೆಂಗಸಿನ ಎದೆ ಬೀದಿಗೆ ಕೇಳಿಸಿದರೆ ಮಾನ ಹೋಗುವುದು ಯಜಮಾನನದು. ಅದಕ್ಕೆ ದೊಡ್ಡ ಮನೆಗಳ ಅಡುಗೆಮನೆಯಲ್ಲಿ ಬೆಳಗಿನಿಂದ ಯಾರಾದರೂ ಒಬ್ಬಳು ಖಾಲಿ ಒರಳಿಗೆ ಒನಕೆ ಹಾಕುತ್ತಲೇ ಇರುತ್ತಾಳೆ. ಉಳಿದವರ ಸದ್ದು ಅದರಲ್ಲಿ ಮುಚ್ಚಿಹೋಗುತ್ತದೆ. ಗಂಡಸರು ಹಜಾರದಲ್ಲಿ ಕೂತು ಎಲೆ ಮಡಚುತ್ತಾ, ನಮ್ಮ ಮನೆ ಎಷ್ಟು ಶಾಂತ ನೋಡಿ ಎಂದು ಬಂದವರಿಗೆ ಹೇಳುತ್ತಾರೆ.

ನನ್ನ ಗಂಡ ಪಂಪಾಪತಯ್ಯನವರು ಈ ವಿಷಯದಲ್ಲಿ ಊರಿಗೇ ಮೇಲ್ಪಂಕ್ತಿ. ಪೇಟೆಬೀದಿಯಲ್ಲಿ ನಮ್ಮದು ಹತ್ತಿ ಹಾಸಿಗೆಯ ಅಂಗಡಿ. ಬೆಳಿಗ್ಗೆ ಹೋಗಿ ಏಳು ಹಾಸಿಗೆಯ ಅಟ್ಟಿಯ ಮೇಲೆ ಕೂತರೆ ಇಳಿಯುವುದು ಸಂಜೆಗೇ. ಏಳು ಹಾಸಿಗೆಯ ಎತ್ತರ ಹತ್ತುವಾಗ ಸದ್ದಾಗಬಾರದಲ್ಲ, ಅದಕ್ಕೆ ಪಕ್ಕದಲ್ಲಿ ಒಂದು ಹಾಸಿಗೆ, ಎರಡು ಹಾಸಿಗೆ, ಮೂರು ಹಾಸಿಗೆ ಎಂದು ಮೆಟ್ಟಿಲ ಹಾಗೆ ಜೋಡಿಸಿಕೊಂಡಿದ್ದರು. ಒಂದೊಂದರ ಮೇಲೂ ಕೂತು ಒಂದೊಂದು ಎಲೆ ಹಾಕಿಕೊಂಡು ಮುಂದಿನದಕ್ಕೆ ಏರುತ್ತಿದ್ದರು. ಮಾತು ಮಾತ್ರ ಧಾರಾಳ. ಕೈಕಾಲಿಗೆ ಕೊಡದ ಕೆಲಸವನ್ನೆಲ್ಲ ನಾಲಿಗೆಗೇ ಕೊಟ್ಟವರು ಅವರು. ನನ್ನ ಸಾರಿನಲ್ಲಿ ಉಪ್ಪು ಕಡಿಮೆಯಾದರೆ ಅದರ ಮೇಲೆ ಊಟ ಮುಗಿಯುವ ತನಕ ಭಾಷಣವಾಗುತ್ತಿತ್ತು.

ಪೇಟೆಬೀದಿಯ ತುದಿಯಲ್ಲಿ ದೊಡ್ಡಕಟ್ಟೆ ಎಂಬ ಕಲ್ಲಿನ ಜಗಲಿ ಇದೆ. ಎದೆಬಡಿತ ಯಾರಿಗೂ ಕೇಳಿಸಿಲ್ಲದ ಗಂಡಸರು ಮಾತ್ರ ಅಲ್ಲಿ ಕೂರಬಹುದು. ಊರಿನ ಜಗಳ, ಪಾಲು, ಸಂಬಂಧ ಎಲ್ಲ ಅಲ್ಲೇ ತೀರ್ಮಾನವಾಗುವುದು. ಅವರಲ್ಲೆಲ್ಲ ಅತಿ ನಿಶ್ಶಬ್ದನಾದವನು ಕಟ್ಟೆಯ ಯಜಮಾನ. ಆಗ ಯಜಮಾನರಾಗಿದ್ದವರು ಭುಜಂಗರಾಯರು. ಅವರ ಎದೆ ಎಷ್ಟು ಮೌನವೆಂದರೆ, ಮಧ್ಯಾಹ್ನ ಮಲಗಿದ್ದಾಗ ಸೊಸೆ ಆಗಾಗ ಮೂಗಿನ ಬಳಿ ಬೆರಳಿಟ್ಟು ನೋಡಿ ಹೋಗುತ್ತಿದ್ದಳು. ಅವರ ನಂತರ ಪಂಪಾಪತಯ್ಯನವರೇ ಎಂದು ಎಲ್ಲರೂ ಹೇಳುತ್ತಿದ್ದರು. ಎಲ್ಲರಿಗಿಂತ ಹೆಚ್ಚಾಗಿ ಪಂಪಾಪತಯ್ಯನವರೇ ಹೇಳುತ್ತಿದ್ದರು.

ಒಂದು ವಿಷಯವನ್ನು ಮಾತ್ರ ಕಟ್ಟೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಕಟ್ಟೆಯ ಗಂಡಸರು ಅರವತ್ತು ಕಾಣುವುದು ಅಪರೂಪ. ನಮ್ಮ ಮಾವನವರು ಐವತ್ತೆಂಟಕ್ಕೆ ಹೋದರು. ಅತ್ತೆ ಮಾತ್ರ ತೊಂಬತ್ತು ದಾಟಿ, ಕೊನೆಯ ವರ್ಷವೂ ನನ್ನ ರೊಟ್ಟಿಯಲ್ಲಿ ತಪ್ಪು ಹುಡುಕಿದರು. ನಮ್ಮ ಬೀದಿಯಲ್ಲಿ ಮುದಿ ವಿಧವೆಯರೇ ಜಾಸ್ತಿ. ಹೆಂಗಸರದು ಗಟ್ಟಿ ಜೀವ, ಎದೆಯಲ್ಲಿ ಕಲ್ಲಿಟ್ಟುಕೊಂಡೇ ಹುಟ್ಟುತ್ತಾರೆ ಎಂದು ಕಟ್ಟೆಯವರು ಇದಕ್ಕೆ ಕಾರಣ ಕಂಡುಕೊಂಡಿದ್ದರು. ಸತ್ತ ಗಂಡಸನ್ನು, ಎಂಥ ಸಾವು, ಒಂದು ಸದ್ದಿಲ್ಲ ಎಂದು ಹೊಗಳುತ್ತಿದ್ದರು. ನಮ್ಮವರಿಗೆ ಆ ವರ್ಷ ಐವತ್ತೇಳು.

ಯುಗಾದಿಯಾದ ಮರುದಿನ ಅವರು ಹಾಸಿಗೆಯ ಮೂರನೇ ಮೆಟ್ಟಿಲಲ್ಲೇ ಬೆವತು ಒರಗಿಬಿಟ್ಟರು. ಅಂಗಡಿಯವರು ಅದೇ ಹಾಸಿಗೆಯ ಸಮೇತ ಎತ್ತಿ ಮನೆಗೆ ತಂದರು. ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರ್ ಜೆಸಿಂತಾ ಬಂದರು. ನಮ್ಮೂರಲ್ಲಿ ಡಾಕ್ಟರರು ಸ್ಟೆತಾಸ್ಕೋಪನ್ನು ಒಡವೆಯ ಹಾಗೆ ಕೊರಳಿಗೆ ಹಾಕಿಕೊಂಡಿರುತ್ತಾರೆಯೇ ಹೊರತು ಕಿವಿಗಿಡುವ ಅಗತ್ಯ ಬೀಳುವುದಿಲ್ಲ. ಈಕೆ ಕಿವಿಗಿಟ್ಟು ಬಹಳ ಹೊತ್ತು ಕೇಳಿದರು.

“ನೋಡಿದ್ರಾ? ಏನೂ ಕೇಳಿಸಲ್ಲ” ಎಂದರು ನಮ್ಮವರು, ಮಲಗಿದ್ದಲ್ಲಿಂದಲೇ ಹೆಮ್ಮೆಯಿಂದ.

“ಅದೇ ತೊಂದರೆ ಸರ್. ಇದು ಶಾಂತವಾಗಿರೋ ಗುಂಡಿಗೆ ಅಲ್ಲ, ಸೋಮಾರಿ ಆಗಿರೋ ಗುಂಡಿಗೆ. ಗಾಡಿಗೆ ಹೂಡದೆ ವರ್ಷಗಟ್ಟಲೆ ಕಟ್ಟಿ ಹಾಕಿದ ಎತ್ತು ಒಂದು ಏರು ಹತ್ತೋದಕ್ಕೂ ಉಸಿರು ಬಿಡಲ್ವಾ, ಹಾಗೆ.” ಆಮೇಲೆ ನನ್ನ ಕಡೆ ತಿರುಗಿದರು. “ಅಮ್ಮಾ, ನೀವು ಕೇಳಿಸ್ಕೊಳ್ಳಿ. ನಡೀತಾ ನಡೀತಾ ಹಾಡು ಹೇಳೋಕಾದ್ರೆ ಆ ನಡಿಗೆ ಹಗುರದ್ದು. ಮಾತಾಡೋಕಾಗುತ್ತೆ, ಹಾಡೋಕೆ ಮಾತ್ರ ಉಸಿರು ಸಾಲಲ್ಲ ಅಂದ್ರೆ ಅದು ಮಧ್ಯಮ. ಎರಡು ಮಾತಿಗೊಂದ್ಸಲ ನಿಂತು ಉಸಿರೆಳ್ಕೋಬೇಕು ಅಂದ್ರೆ ಅದು ಬಿರುಸು. ಮೂರರಿಂದಲೂ ಲಾಭ ಇದೆ, ಆದ್ರೆ ಇವರು ಈಗಲೇ ಬಿರುಸಿನ ತಂಟೆಗೆ ಹೋಗೋದು ಬೇಡ. ಮೊದಲು ಹಗುರವಾಗಿ ಶುರು ಮಾಡ್ಲಿ. ಆಮೇಲೆ ದಿನಾ ಒಂದರ್ಧ ಗಂಟೆ ಮಧ್ಯಮ. ಸಕ್ಕರೆ ಇಳಿಯುತ್ತೆ, ರಕ್ತದೊತ್ತಡ ಹತೋಟಿಗೆ ಬರುತ್ತೆ, ರಾತ್ರಿ ನಿದ್ದೆ ಬರುತ್ತೆ, ಸಿಡುಕೂ ಕಡಿಮೆ ಆಗುತ್ತೆ.”

“ಮಧ್ಯಮ ಅಂದ್ರೆ… ಸದ್ದು ಬರುತ್ತಲ್ಲ?” ಎಂದರು ನಮ್ಮವರು.

“ಬರಬೇಕು. ಪಕ್ಕದ ಮನೆಗೆ ಕೇಳಿಸೋ ಅಷ್ಟು ಬರಬೇಕು.”

ನಮ್ಮವರು ಕಣ್ಣು ಮುಚ್ಚಿಕೊಂಡರು. ಡಾಕ್ಟರು ಹೊರಡುವಾಗ ನನ್ನನ್ನು ಜಗಲಿಗೆ ಕರೆದು, “ಹೀಗೇ ಕೂತಿದ್ರೆ ಎರಡು ಮಳೆಗಾಲ ಇರ್ತಾರೆ ಅಂತಾನೂ ನಾನು ಹೇಳಲ್ಲ ಅಮ್ಮ” ಎಂದರು. ನನಗೆ ಭಯವಾಯಿತು. ಉಪ್ಪಿಗೂ ಹುಳಿಗೂ ಮಾತು ಕೇಳಿ ಕೇಳಿ ಸಾಕಾಗಿದ್ದ ಮನುಷ್ಯನೇ, ನಿಜ. ಆದರೆ ಆ ಮಾತಿಲ್ಲದ ಮನೆಯನ್ನು ನೆನೆಸಿಕೊಂಡು ಜಗಲಿಯ ಮೇಲೇ ಕೂತುಬಿಟ್ಟೆ. ನನಗೆ ಅವರು ಬೇಕಾಗಿತ್ತು, ಇನ್ನೂ ಬಹಳ ವರ್ಷ ಬೇಕಾಗಿತ್ತು.

ಹಿತ್ತಲಿನಲ್ಲಾದರೂ ನಡೆಯಿರಿ ಎಂದೆ. ಹಿತ್ತಲ ಗೋಡೆಗೆ ಕಿವಿ ಇದೆ ಎಂದರು. ನಾನು ಖಾಲಿ ಒರಳು ಕುಟ್ಟುತ್ತೇನೆ, ನೀವು ನಡೆಯಿರಿ ಎಂದೆ. ಹೆಂಗಸರ ಒನಕೆಯ ಮರೆಯಲ್ಲಿ ನಡೆಯುವುದಕ್ಕಿಂತ ಸಾಯುವುದು ವಾಸಿ ಎಂದರು. ಸಂಜೆ ಕಟ್ಟೆಯವರೆಲ್ಲ ನೋಡಲು ಬಂದರು. ಭುಜಂಗರಾಯರು ಡಾಕ್ಟರರ ಮಾತನ್ನು ಎರಡು ಸಲ ಹೇಳಿಸಿಕೊಂಡು, ಬಹಳ ಯೋಚಿಸಿ, ತೀರ್ಪು ಕೊಟ್ಟರು.

“ಡಾಕ್ಟರು ಕೇಳಿರೋದು ಏನು? ಸದ್ದು. ಕಾಲು ಕೇಳಿದಾರಾ? ಕಾಲಿನ ಮಾತು ಅವರು ಸುಮ್ನೆ ಉದಾಹರಣೆಗೆ ಹೇಳಿರ್ತಾರೆ. ಸದ್ದಿಗೇನು ಪಂಪಾಪತೀ, ಕೂತಲ್ಲೇ ಬರುತ್ತೆ. ಸಿಟ್ಟು ಬಂದ್ರೆ ಬರಲ್ವೆ? ಭಯ ಆದ್ರೆ ಬರಲ್ವೆ? ಬಾಗಿಲು ಹಾಕ್ಕೊಂಡು ಅರ್ಧ ಗಂಟೆ ಸಿಟ್ಟು ಮಾಡ್ಕೊ. ಆರೋಗ್ಯಕ್ಕೆ ಆರೋಗ್ಯ, ಮರ್ಯಾದೆಗೆ ಮರ್ಯಾದೆ.”

ಎಲ್ಲರೂ ತಲೆದೂಗಿದರು. ನಮ್ಮವರ ಮುಖಕ್ಕೆ ಬಣ್ಣ ಬಂದದ್ದು ಆಗಲೇ. ಮಾರನೆಯ ದಿನವೇ ಅಂಗಡಿಯ ಹಿಂದಿನ ಕೋಣೆಯ ನಾಲ್ಕು ಗೋಡೆಗೂ ಬಾಗಿಲಿಗೂ ಹಾಸಿಗೆ ಹೊಡೆಸಿದರು, ಒಳಗಿನ ಸದ್ದು ಹೊರಗೆ ಬರದಂತೆ. ಆದರೆ ಸಿಟ್ಟು ಬೇಕೆಂದ ತಕ್ಷಣ ಬರುತ್ತದೆಯೇ? ನನ್ನನ್ನೇ ಕರೆದು ಬೈಯಲು ಹೇಳಿದರು. ನಾನು ಬೈದೆ. ಮೂವತ್ತು ವರ್ಷದಿಂದ ಕೇಳಿದ್ದೇ ಆದ್ದರಿಂದ ಅವರಿಗೆ ತೂಕಡಿಕೆ ಬಂತು. ಕೊನೆಗೆ ಸಂತೆಯಲ್ಲಿ ಸೊಪ್ಪು ಮಾರುವ ಕೆಂಪಾಜಮ್ಮನನ್ನು ಗೊತ್ತುಮಾಡಿದರು. ಅವಳ ಬಾಯಿಗೆ ಹೆದರಿ ಸಂತೆಯ ದನಗಳೂ ಅವಳ ಸೊಪ್ಪಿನ ಕಡೆ ಮೂತಿ ಹಾಕುತ್ತಿರಲಿಲ್ಲ.

ಮೊದಲ ದಿನ ನಾನೂ ಕೋಣೆಯ ಮೂಲೆಯಲ್ಲಿ ನಿಂತಿದ್ದೆ. ನಮ್ಮವರು ಹಾಸಿಗೆಯ ಅಟ್ಟಿಯ ಮೇಲೆ ಕೂತು, “ಹೂಂ, ಶುರು ಮಾಡಮ್ಮ” ಎಂದರು. ಅವಳು ಸೆರಗು ಬಿಗಿದು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಸರಸರ ತಿರುಗುತ್ತಾ ಶುರು ಮಾಡಿದಳು.

“ಏನ್ಲಾ ಹತ್ತಿ ಮೂಟೆ! ಏಳು ಹಾಸ್ಗೆ ಮ್ಯಾಲೆ ಎಂಟ್ನೇ ಹಾಸ್ಗೆ ಆಗಿ ಕುಂತಿದ್ದೀಯಲ್ಲೋ! ಎದ್ದು ಬಂದ್ರೆ ನಿನ್ ನೆರಳೇ ನಿನ್ ಕೂಡ ಬರಾಕಿಲ್ಲ, ಸುಸ್ತಾಗಿ ಅಲ್ಲೇ ಬಿದ್ಕತದೆ! ಊಟ ಅಂದ್ರೆ ಊರಿಗ್ ಮುಂದೆ, ಕೆಲ್ಸ ಅಂದ್ರೆ ಕಳ್ಳೆತ್ತು! ನಿನ್ ಕಟ್ಕೊಂಡ ಆ ತಾಯಿ ಬದ್ಲು ಒಂದ್ ರುಬ್ಬೋ ಗುಂಡು ಕಟ್ಕೊಂಡಿದ್ರೆ ಹಿಟ್ಟಾದ್ರೂ ಆಗಿರಾದು!”

ನಮ್ಮವರ ಕಿವಿ ಕೆಂಪಾಯಿತು, ಮೂಗಿನ ಹೊಳ್ಳೆ ಅರಳಿತು, ಧಪ್ ಧಪ್ ಎಂದು ಎದೆ ಕೇಳಿಸಿತು. ಹಾಸಿಗೆಯ ಗೋಡೆ ಅದನ್ನೆಲ್ಲ ನುಂಗಿಕೊಂಡಿತು. ಅರ್ಧ ಗಂಟೆಯಾದ ಮೇಲೆ ಅವರು ಹಣೆ ಒರೆಸಿಕೊಂಡು, ಒಳ್ಳೇ ಕಸರತ್ತಾಯಿತು ಎಂದು ಮೂರು ಇಡ್ಲಿ ಜಾಸ್ತಿ ತಿಂದರು.

ಸುದ್ದಿ ಗುಟ್ಟಾಗಿ ಊರೆಲ್ಲ ಹರಡಿತು. ಕಟ್ಟೆಯವರೆಲ್ಲ ಆರೋಗ್ಯದ ಕಡೆ ಗಮನ ಕೊಡತೊಡಗಿದರು. ರಂಗಣ್ಣಭಟ್ಟರು ದಿನಾ ಬೆಳಿಗ್ಗೆ ಒಬ್ಬ ಮಂತ್ರವಾದಿಯನ್ನು ಕರೆಸಿ ದೆವ್ವದ ಕಥೆ ಹೇಳಿಸಿಕೊಂಡರು. ಭುಜಂಗರಾಯರು ಹಾವಾಡಿಗನನ್ನು ಗೊತ್ತುಮಾಡಿ, ಆರಾಮಕುರ್ಚಿಯಲ್ಲಿ ಒರಗಿ, ಎದುರಿಗೆ ಬುಟ್ಟಿ ತೆಗೆಸುತ್ತಿದ್ದರು. ಎಂದೋ ಪಾಲಾಗಿ ನೆಮ್ಮದಿಯಿಂದಿದ್ದ ಅಣ್ಣತಮ್ಮಂದಿರಿಬ್ಬರು, ಆರೋಗ್ಯದ ದೃಷ್ಟಿಯಿಂದ, ಹಳೇ ಬೇಲಿ ಜಗಳವನ್ನು ಮತ್ತೆ ತೆಗೆದರು. ಎದುರುಬದುರಾದಾಗ ಊಟವಾಯಿತೇ ಎನ್ನುವ ಬದಲು ಕಸರತ್ತಾಯಿತೇ ಎನ್ನುವುದು ರೂಢಿಗೆ ಬಂತು. ಗೋಡೆಗೆ ಹೊಡೆಸಲು ಎಲ್ಲರಿಗೂ ಹಾಸಿಗೆ ಬೇಕಾಗಿ ನಮ್ಮ ಅಂಗಡಿಯಲ್ಲಿ ಹತ್ತಿ ಹಿಂಜುವವನಿಗೆ ಬಿಡುವಿಲ್ಲದಂತಾಯಿತು.

ಒಂದು ತಿಂಗಳು ಕಳೆಯಿತು. ನಮ್ಮವರಿಗೆ ರಾತ್ರಿ ನಿದ್ದೆ ಹೋಯಿತು. ಹೊರಳಿ ಹೊರಳಿ ಕೆಂಪಾಜಮ್ಮನಿಗೆ ಕೊಡಬೇಕಾಗಿದ್ದ ಉತ್ತರಗಳನ್ನು ಗೊಣಗುತ್ತಿದ್ದರು. ಕಣ್ಣ ಕೆಳಗೆ ಕಪ್ಪಾಯಿತು. ಎರಡನೇ ಹಾಸಿಗೆಯ ಮೆಟ್ಟಿಲಿಗೇ ಏದುಸಿರು ಬರತೊಡಗಿತು. ಕೆಂಪಾಜಮ್ಮ ಮಾತ್ರ ನಳನಳಿಸುತ್ತಿದ್ದಳು. ಒಂದು ದಿನ ನನ್ನ ಹತ್ತಿರ ಬಂದು, “ಅವ್ವಾ, ನಂಗೆ ಮಂಡಿ ನೋವೇ ಹೋಯ್ತು ಕಣವ್ವ. ಮಕ್ಕಂಡ್ರೆ ಎಚ್ರಾನೇ ಇರಾಕಿಲ್ಲ, ಅಂಗೆ ನಿದ್ದೆ ಬತ್ತದೆ. ಬೈಯೋದು ಮೈಗೆ ಇಷ್ಟ್ ಒಳ್ಳೇದು ಅಂತ ಗೊತ್ತೇ ಇರ್ಲಿಲ್ಲ. ಈಗ ಮನೇಲಿ ನಮ್ಮೆಜಮಾನ್ನೂ ದಿನಾ ಒಂದ್ ಗಳಿಗೆ ಬೈತಿವ್ನಿ” ಎಂದು ಬಹಳ ಸಂತೋಷದಿಂದ ಹೇಳಿದಳು.

ನಾನು ನಮ್ಮವರನ್ನು ಬಲವಂತವಾಗಿ ಗಾಡಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ಡಾಕ್ಟರ್ ಜೆಸಿಂತಾ ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ನೋಡಿ, ಮತ್ತೊಮ್ಮೆ ನೋಡಿ, ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ನಮ್ಮವರು ಹೇಳಿದರು. ಆಕೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ಸರ್, ಎತ್ತನ್ನ ಗೂಟಕ್ಕೆ ಕಟ್ಟಿ ಹಾಕೇ ಬಾರುಕೋಲಲ್ಲಿ ಹೊಡೆದ್ರೆ ಅದು ಗಟ್ಟಿ ಆಗುತ್ತಾ? ಕಾಲು ದುಡೀಬೇಕು, ಕಾಲಿಗೆ ರಕ್ತ ಬೇಕಾಗ್ಬೇಕು, ಅದಕ್ಕೋಸ್ಕರ ಗುಂಡಿಗೆ ಬಡ್ಕೋಬೇಕು. ಅದು ಕಸರತ್ತು. ಕೂತಲ್ಲೇ ಬಡ್ಕೊಂಡ್ರೆ ಅದು ಬರೀ ಸಂಕಟ.”

“ಸದ್ದು ಬಂತೋ ಇಲ್ವೋ ಹೇಳಿ” ಎಂದರು ನಮ್ಮವರು.

ಮುಂದಿನ ವಾರ ಭುಜಂಗರಾಯರು ತೀರಿಕೊಂಡರು. ಹಾವಾಡಿಗ ಬುಟ್ಟಿ ತೆಗೆದು ಪುಂಗಿ ಊದುತ್ತಲೇ ಇದ್ದನಂತೆ. ರಾಯರು ಎಂದಿನಂತೆ ಒರಗಿ ಕೂತಿದ್ದರಂತೆ. ಹಾವಿಗೇ ಬೇಸರವಾಗಿ ಬುಟ್ಟಿಗೆ ಮರಳಿದ ಮೇಲೆ ಹತ್ತಿರ ಹೋಗಿ ನೋಡಿದರೆ ಮೈ ತಣ್ಣಗಾಗಿತ್ತು. ಒಂದು ಸದ್ದಿಲ್ಲ ಎಂದು ಕಟ್ಟೆಯವರು ಕೊಂಡಾಡಿದರು. ನಮ್ಮೂರಲ್ಲಿ ಕಟ್ಟೆಯವರ ಹೆಣವನ್ನು ಕಟ್ಟೆಯವರೇ ಹೊರಬೇಕು, ಹೊರುವವರ ಎದೆಯೂ ಕೇಳಿಸಬಾರದು. ನಾಲ್ಕು ಹೆಜ್ಜೆ ಇಡುವುದು, ಇಳಿಸುವುದು, ಎಲೆ ಹಾಕುವುದು, ಮತ್ತೆ ನಾಲ್ಕು ಹೆಜ್ಜೆ. ಬೆಳಿಗ್ಗೆ ಹೊರಟ ರಾಯರು ಊರಾಚೆಯ ಸ್ಮಶಾನ ಮುಟ್ಟುವ ಹೊತ್ತಿಗೆ ದನ ಮನೆಗೆ ಬಂದಿದ್ದವು. ನಮ್ಮವರೂ ಹೆಗಲು ಕೊಟ್ಟಿದ್ದರು.

ಅವರು ಮನೆಗೆ ಬಂದಾಗ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬಚ್ಚಲ ಕಲ್ಲಿನ ಮೇಲೆ ಕೂರಿಸಿ ನಾನೇ ನೀರು ಹಾಕಿದೆ. ತಲೆಯಿಂದ ನೀರು ಇಳಿಯುತ್ತಿದ್ದ ಹಾಗೇ ನಕ್ಕರು.

“ಗಂಗಾ, ಬರೋ ಸೋಮವಾರ ನನಗೆ ಯಜಮಾನಿಕೆ.”

“ಬೇಡ ಅನ್ನಿ.”

“ಏನಂದೆ?”

“ಬೇಡ ಅಂತ ಹೇಳಿ ಬನ್ನಿ. ರಾಯರನ್ನ ನೋಡಿದ್ರಲ್ಲ. ನೀವು ನಂಗೆ ಬೇಕು ಅಂದ್ರೆ. ನಾಳೆಯಿಂದ ಇಬ್ಬರೂ ನಡೆಯೋಣ, ಯಾರಿಗೆ ಕೇಳಿಸಿದ್ರೆ ನಮಗೇನು?”

“ಒಂದ್ಸಲ ಯಜಮಾನ ಆಗ್ಬಿಡ್ತೀನಿ. ಆಮೇಲೆ ನೋಡೋಣ.”

“ಆದ ಮೇಲೆ ನಡೆಯೋಕೆ ಬಿಡ್ತಾರಾ?”

ಅವರು ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. “ಬಿಡಲ್ಲ” ಎಂದರು. ಅಷ್ಟು ಹೇಳಿ ಟವೆಲಿಗೆ ಕೈ ಚಾಚಿದರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಕಟ್ಟೆಯ ಮೇಲಿನ ಒಂದು ಮೊಳ ಕಲ್ಲಿಗಾಗಿ ಈ ಮನುಷ್ಯ ನನ್ನನ್ನು ಬಿಟ್ಟು ಹೋಗಲು ತಯಾರಾಗಿ ಕೂತಿದ್ದರು. ಆ ಕಲ್ಲು ಅವರಿಗೆ ಸಿಗದಂತೆ ಮಾಡುವುದೊಂದೇ ದಾರಿ ಎಂದು ನನಗೆ ಹೊಳೆದದ್ದು ಆಗಲೇ.

ಸೋಮವಾರ ಕಟ್ಟೆಯ ಮುಂದೆ ಊರೆಲ್ಲ ಸೇರಿತ್ತು. ಯಜಮಾನಿಕೆ ಕೊಡುವ ಕ್ರಮ ಹೀಗೆ: ಹೊಸಬನನ್ನು ನಡುವೆ ಕೂರಿಸಿ, ಎಲ್ಲರೂ ಉಸಿರು ಬಿಗಿಹಿಡಿದು ನಿಂತಿರುವಾಗ, ಕಟ್ಟೆಯ ಹಿರಿಯರು ಅವನ ಎದೆಗೆ ಕಿವಿಯಿಟ್ಟು “ಇಲ್ಲ” ಎಂದು ಮೂರು ಸಲ ಹೇಳಬೇಕು. ಆಮೇಲೆ ಶಾಲು. ಹಿರಿಯರ ಸ್ಥಾನದಲ್ಲಿ ಅಂದು ರಂಗಣ್ಣಭಟ್ಟರಿದ್ದರು. ನಾನು ನೀರಿನ ಓಣಿಯ ಕೊನೆಯಿಂದ ಸೆರಗು ಬಿಗಿದು ಬೀಸುಗಾಲಲ್ಲಿ ಹೊರಟೆ. ಒರಳಿಲ್ಲ, ಒನಕೆಯಿಲ್ಲ. ಮೂವತ್ತು ವರ್ಷ ಮುಚ್ಚಿಟ್ಟ ಸದ್ದು ಓಣಿಯ ಎರಡೂ ಗೋಡೆಗೆ ಬಡಿದು ನನಗಿಂತ ಮುಂದೆ ಪೇಟೆಬೀದಿ ಸೇರಿತು. ಭಟ್ಟರು ಆಗಷ್ಟೇ ಕಿವಿಯಿಟ್ಟಿದ್ದವರು ಬೆಚ್ಚಿ ಹಿಂದೆ ಸರಿದು, “ಇದೆ!” ಎಂದುಬಿಟ್ಟರು.

ನಾನು ಕಟ್ಟೆಯ ಮುಂದೆಯೇ, ಜನ ಬಿಟ್ಟ ದಾರಿಯಲ್ಲಿ, ಧಪ್ ಧಪ್ ಎಂದು ದಾಟಿಹೋದೆ. ನಾಚಿಕೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ನಿಲ್ಲಲಿಲ್ಲ. ಹಿಂದೆ ಗುಸುಗುಸು ಎದ್ದಿತು. ಕಟ್ಟೆಯವನ ಹೆಂಡತಿ ಬೀದಿಯಲ್ಲಿ ಕೇಳಿಸಿದರೆ ಗಂಡನೇ ಹೋಗಿ ಅವಳನ್ನು ಹಿಂದಕ್ಕೆ ಕರೆತರಬೇಕು, ಬೇರೆಯವರು ಮುಟ್ಟುವಂತಿಲ್ಲ. “ಹೋಗಿ ಕರ್ಕೊಂಡ್ ಬಾರಯ್ಯ ಪಂಪಾಪತಿ, ಮಾನ ಹೋಯ್ತು!” ಎಂದು ಭಟ್ಟರು ಕೂಗಿದ್ದು ಕೇಳಿಸಿತು.

ನಮ್ಮವರು ಕಟ್ಟೆಯಿಂದ ಇಳಿದರು. ಊರಿನವರು ಇಂದಿಗೂ ನೆನೆಸಿಕೊಂಡು ನಗುವ ಬೆನ್ನಟ್ಟುವಿಕೆ ಅದು. ನಾನು ನೀರಿನ ಟ್ಯಾಂಕಿನ ದಿಬ್ಬದ ದಾರಿ ಹಿಡಿದು, ಅವರು ಸಾಕಷ್ಟು ಹತ್ತಿರವಾಗುವವರೆಗೆ ಹೆಜ್ಜೆ ಸಣ್ಣ ಮಾಡಿ, ಮತ್ತೆ ಮುಂದಕ್ಕೆ ಹೋಗುವುದು. ಅವರು ಕಟ್ಟೆಯ ಗಾಂಭೀರ್ಯದಲ್ಲೇ ಕೈ ಬೆನ್ನಿಗೆ ಕಟ್ಟಿಕೊಂಡು ಹಿಂದೆ ಬರುವುದು. ಆದರೆ ಬಾಯಿ ಸುಮ್ಮನಿರಲಿಲ್ಲ.

“ನಿಂತ್ಕೊಳ್ಳೇ! ಮೂವತ್ತು ವರ್ಷ ಈ ಮನೆ ಅನ್ನ ತಿಂದು, ನಾಲ್ಕು ಜನರ ಮುಂದೆ ನನ್ನ ಮಾನವನ್ನ ಹೀಗ್ ಹರಾಜಿಗಿಟ್ಟೆಯಲ್ಲ, ನಿನಗೆ ಏನ್ ಕಡಿಮೆ ಮಾಡಿದ್ದೆ ನಾನು? ಒಡವೆಗೆ ಕಡಿಮೆಯೋ, ಸೀರೆಗೆ ಕಡಿಮೆಯೋ, ಹಾಸಿಗೆಗಂತೂ ಕಡಿಮೆಯಿಲ್ಲ…”

ಇಷ್ಟು ಉದ್ದ ಬೈಯುವ ಉಸಿರಿದ್ದರೆ ಅದು ಹಗುರದ ನಡಿಗೆ ಎಂದು ನನಗೆ ಲೆಕ್ಕ ಸಿಕ್ಕಿತು. ದಿಬ್ಬದ ಏರು ಶುರುವಾದ ಮೇಲೆ ಹೆಜ್ಜೆ ಸ್ವಲ್ಪ ಜೋರು ಮಾಡಿದೆ.

“ನಿಲ್ಲೇ ಅಂದ್ರೆ… ಕೇಳಿಸಲ್ವಾ… ನಿಮ್ಮಪ್ಪಂಗೆ ಹೇಳ್ತೀನಿ…” ನಮ್ಮಪ್ಪ ಸತ್ತು ಹನ್ನೆರಡು ವರ್ಷವಾಗಿತ್ತು. ನನ್ನ ಸದ್ದಿನ ಹಿಂದೆ ಇನ್ನೊಂದು ಸದ್ದು ಮೆಲ್ಲಗೆ ಏಳತೊಡಗಿತ್ತು, ಮೊದಮೊದಲು ತಡವರಿಸುತ್ತಾ, ಆಮೇಲೆ ಒಂದೇ ಸಮನೆ. ಬೈಗುಳ ಬರುತ್ತಿರುವವರೆಗೆ ಭಯವಿಲ್ಲ ಎಂದುಕೊಂಡೆ. ತುಂಡು ತುಂಡಾಗಿ ಬಂದರೆ ನಿಧಾನವಾಗುತ್ತಿದ್ದೆ, ಮಾತು ಕೂಡಿಕೊಂಡರೆ ಚುರುಕಾಗುತ್ತಿದ್ದೆ. ತಿರುಗಿ ನೋಡಲಿಲ್ಲ, ಕಿವಿಯಿಂದಲೇ ಅವರನ್ನು ಹಿಡಿದುಕೊಂಡು ನಡೆದೆ.

ಅರ್ಧ ದಿಬ್ಬ ಹತ್ತಿದ ಮೇಲೆ ಬೈಗುಳ ನಿಂತುಹೋಯಿತು.

ಎರಡು ಹೆಜ್ಜೆ ಕಾದೆ. ಇಲ್ಲ. ಇನ್ನೂ ಎರಡು ಹೆಜ್ಜೆ. ನನ್ನ ಎದೆ ಎಷ್ಟು ಜೋರಾಗಿ ಬಡಿದುಕೊಳ್ಳುತ್ತಿತ್ತೆಂದರೆ ಅವರದು ಇದೆಯೋ ಇಲ್ಲವೋ ಎಂದೇ ತಿಳಿಯಲಿಲ್ಲ. ಹಾಳು ಬುದ್ಧಿ, ನಾನೇ ಕೈಯಾರೆ ಕೊಂದೆ ಎನ್ನಿಸಿತು. ತಿರುಗಿ ಇಳಿಜಾರಿನಲ್ಲಿ ಓಡಿದೆ, ಸೆರಗು ಎಲ್ಲಿ ಹೋಯಿತೋ, ಚಪ್ಪಲಿ ಎಲ್ಲಿ ಹೋಯಿತೋ. ಅವರು ದಾರಿ ಪಕ್ಕದ ಬಂಡೆಯ ಮೇಲೆ ಎರಡೂ ಕೈ ಮಂಡಿಗೆ ಊರಿ ಕೂತಿದ್ದರು. ಮುಖ ಕೆಂಪಾಗಿತ್ತು. ಬೂದಿಯಲ್ಲ, ಕೆಂಪು.

“ಏನಾಯ್ತು? ನೋವಾ? ಎಲ್ಲಿ?” ಎಂದು ಎದೆ ಮುಟ್ಟಿ ಮುಟ್ಟಿ ನೋಡಿದೆ. ಅಂಗೈ ಕೆಳಗೆ ಧಪ್ ಧಪ್ ಎನ್ನುತ್ತಿತ್ತು.

ಅವರು ತಲೆಯಾಡಿಸಿದರು. “ಬೈಗುಳ… ಮುಗೀತು” ಎಂದರು. ಸ್ವಲ್ಪ ಉಸಿರು ತಿರುಗಿದ ಮೇಲೆ, “ಕೆಂಪಾಜಮ್ಮ ಕಲಿಸಿದ್ದು ಅಷ್ಟೂ ಬೈದೆ. ಇನ್ನೇನೂ ಉಳಿದಿಲ್ಲ” ಎಂದರು.

ನಾನು ಅಲ್ಲೇ ನೆಲದ ಮೇಲೆ ಕೂತು, ಮುಖಕ್ಕೆ ಸೆರಗು ಹಾಕಿಕೊಂಡು ಜೋರಾಗಿ ಅತ್ತೆ. ಅವರು ಇಬ್ಬರ ಸದ್ದೂ ಇಳಿಯುವವರೆಗೆ ಕೂತಿದ್ದು, ಆಮೇಲೆ ಎದ್ದು, ನನ್ನ ಚಪ್ಪಲಿ ಹುಡುಕಿ ತಂದರು.

ಯಜಮಾನಿಕೆ ರಂಗಣ್ಣಭಟ್ಟರಿಗೆ ಹೋಯಿತು. ನಮ್ಮವರ ಹೆಸರಿಗೆ ಸದ್ದಿನ ಪಂಪಾಪತಿ ಎಂದು ಅಂಟಿಕೊಂಡಿತು. ನಾಲ್ಕು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಸಾರಿಗೆ ಉಪ್ಪು ಹಾಕದೆ ಬಡಿಸಿದರೂ ಸುಮ್ಮನೆ ಉಂಡೆದ್ದರು. ಐದನೆಯ ದಿನ ಸಂಜೆ ನಾನು ಚಪ್ಪಲಿ ಮೆಟ್ಟಿ ದಿಬ್ಬದ ಕಡೆ ಹೊರಟೆ. ಓಣಿ ದಾಟುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

“ಎಲ್ಲಿಗೆ ಹೊರಟೆ ಬಜಾರಿ? ಮನೆ ಅನ್ನೋದು ಧರ್ಮಛತ್ರ ಅಂದ್ಕೊಂಡ್ಯಾ?”

ನಾಲ್ಕು ದಿನ ಸುಮ್ಮನೆ ಕೂತಿದ್ದಾಗ ಹೊಸ ಹೊಸ ಬೈಗುಳ ಯೋಚಿಸಿ ಇಟ್ಟುಕೊಂಡಿದ್ದರು. ಬೈಯದೆ ಇರಲು ಅವರಿಂದ ಆಗಿರಲಿಲ್ಲ. ಅಂದಿನಿಂದ ದಿನಾ ಸಂಜೆ ನಾನು ಮುಂದೆ, ಅವರು ಹಿಂದೆ. ಮೊದಲ ದಿನಗಳಲ್ಲಿ ಅರ್ಧ ದಿಬ್ಬಕ್ಕೇ ಬಂಡೆ ಬೇಕಾಗುತ್ತಿತ್ತು. ಬರುಬರುತ್ತಾ ಬಂಡೆ ದಾಟಿದರು, ಬೇವಿನ ಮರ ದಾಟಿದರು. ರಾತ್ರಿ ಗೊರಕೆ ಶುರುವಾಯಿತು. ಹಾಸಿಗೆಯ ಮೆಟ್ಟಿಲುಗಳು ಒಂದೊಂದಾಗಿ ಮಾರಾಟವಾದವು. ಊರಿನ ಜನ ಕೆಲವು ದಿನ ಬಾಗಿಲಿಗೆ ಬಂದು ನೋಡಿದರು, ಆಮೇಲೆ ನಮ್ಮ ಸದ್ದು ಕೇಳಿ ದೀಪ ಹಚ್ಚುವ ಹೊತ್ತಾಯಿತು ಎಂದು ತಿಳಿದುಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡರು. ಭಟ್ಟರ ಹೆಂಡತಿ ಒಂದು ದಿನ ಹಿತ್ತಲ ಬಾಗಿಲಿಗೆ ಬಂದು, “ಗಂಗಾಂಬಿಕೆ, ನಿಮ್ಮವರಿಗೆ ಸಿಟ್ಟು ಬರಿಸೋಕೆ ನೀವು ಏನ್ ಹೇಳ್ತೀರಿ? ನಮ್ಮವರು ಏನ್ ಅಂದ್ರೂ ಕುರ್ಚಿ ಬಿಟ್ಟು ಏಳಲ್ಲ” ಎಂದು ಮೆಲ್ಲಗೆ ಕೇಳಿ ಹೋದರು.

ಮಳೆಗಾಲ ಒಂದು ಕಳೆಯಿತು, ಎರಡು ಕಳೆಯಿತು. ಡಾಕ್ಟರು ಸ್ಟೆತಾಸ್ಕೋಪು ಕಿವಿಗಿಡದೆಯೇ, ಬಾಗಿಲಲ್ಲೇ ಕೇಳಿ, ಚೆನ್ನಾಗಿದೆ ಎನ್ನತೊಡಗಿದರು. ಆದರೂ ನನ್ನೊಳಗಿನ ಹೆದರಿಕೆ ಪೂರ್ತಿ ಹೋಗಿರಲಿಲ್ಲ. ಪ್ರತಿ ಸಂಜೆಯೂ ಬೈಗುಳಕ್ಕೆ ಕಿವಿಗೊಟ್ಟೇ ನಡೆಯುತ್ತಿದ್ದೆ.

ಮೊನ್ನೆ ಕಾರ್ತಿಕದ ಒಂದು ಸಂಜೆ, ಬೇವಿನ ಮರ ದಾಟಿ ಕಡಿದಾದ ತಿರುವಿಗೆ ಬಂದಿದ್ದೆವು. ಅಲ್ಲಿ ಎಂದೂ ಅವರಿಗೆ ಎರಡು ಮಾತಿಗಿಂತ ಹೆಚ್ಚು ಬರುತ್ತಿರಲಿಲ್ಲ. ಹಿಂದಿನಿಂದ ಏನೋ ವಿಚಿತ್ರ ದನಿ ಕೇಳಿಸಿತು. ಮೊದಲು ನರಳುತ್ತಿದ್ದಾರೆ ಎಂದುಕೊಂಡು ನನ್ನ ಜೀವ ಬಾಯಿಗೆ ಬಂತು. ಕಿವಿಗೊಟ್ಟು ಕೇಳಿದೆ. ಅವರು ಹಾಡುತ್ತಿದ್ದರು. ಯಾವುದೋ ಮದುವೆ ಮನೆಯ ಹಾಡು. ಶ್ರುತಿ ಒಂದು ಕಡೆ, ತಾಳ ಒಂದು ಕಡೆ, ಅರ್ಧ ಸಾಲು ಮರೆತು ಅದಕ್ಕೆ ಬದಲು ಹೂಂಹೂಂ ಎನ್ನುತ್ತಾ, ಆ ಕಡಿದಾದ ಏರಿನಲ್ಲಿ, ನಿಲ್ಲದೆ ಹಾಡುತ್ತಿದ್ದರು. ಅಷ್ಟು ಕೆಟ್ಟ ಹಾಡನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ. ನನಗೆ ಕಣ್ಣು ಕಾಣದಷ್ಟು ನೀರು ತುಂಬಿಕೊಂಡಿತು. ಪಲ್ಲವಿ ಮುಗಿದು ಮತ್ತೆ ಪಲ್ಲವಿಯೇ ಬರುವವರೆಗೂ ಕೇಳಿದೆ. ಆಮೇಲೆ, ಹಾಡು ಬಂತೆಂದರೆ ನಡಿಗೆ ಹಗುರವಾಯಿತು ಎಂದು ಡಾಕ್ಟರು ಹೇಳಿದ್ದು ನೆನಪಾಗಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೆಜ್ಜೆ ಜೋರು ಮಾಡಿದೆ. ಹಾಡು ಅಲ್ಲಿಗೆ ಕಡಿಯಿತು.

“ಎಲ್ಲಿಗೇ ಓಡ್ತೀಯ ಕತ್ತೆ… ನಿಲ್ಲೇ…” ಎಂದು ಅವರು ಬೈಯತೊಡಗಿದರು. ನಾನು ಕೇಳುತ್ತಾ ಮುಂದೆ ನಡೆದೆ.